ಮುಳ್ಳು 760ಕ್ಕೆ ಬರಲಿಲ್ಲ ಅಂತ ಪಂಪ್ ಬದಲಾಯಿಸಬೇಡಿ

"ಸಾರ್, ಪಂಪ್ ಸರಿಯಿಲ್ಲ. ಮುಳ್ಳು 680 ದಾಟ್ತಾನೇ ಇಲ್ಲ." ತುಮಕೂರಿನ ಎಫ್‌ಆರ್‌ಪಿ (ಫೈಬರ್‌ಗ್ಲಾಸ್ ಪ್ಲಾಸ್ಟಿಕ್) ಶೆಡ್‌ಗಳಿಂದ ನನಗೆ ಬರುವ ಫೋನ್‌ಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಮೋಲ್ಡ್ ಮೇಲೆ ಫೈಬರ್ ಹಾಸಿ, ಪ್ಲಾಸ್ಟಿಕ್ ಬ್ಯಾಗ್ ಮುಚ್ಚಿ, ಒಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು, ಆಮೇಲೆ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಬಿಡುವ ಕೆಲಸ ಇದು; ಮುಳ್ಳು ಅಂದರೆ ವ್ಯಾಕ್ಯೂಮ್ ಗೇಜಿನದು. ಹೋಗಿ ನೋಡಿದರೆ ಪಂಪ್ ಚೆನ್ನಾಗಿಯೇ ಇರುತ್ತದೆ.

760 ಮಿಲಿಮೀಟರ್ ಪಾದರಸ ಅನ್ನುವುದು ಸಮುದ್ರ ಮಟ್ಟದ ಲೆಕ್ಕ. ತುಮಕೂರು ಇರುವುದು 800 ಮೀಟರ್‌ಗೂ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 690. ಇರುವುದೇ ಅಷ್ಟಾದರೆ ಪಂಪ್ 760 ಎಲ್ಲಿಂದ ಎಳೆಯಬೇಕು? ಮಾಮೂಲಿ ಗೇಜ್ ತೋರಿಸುವುದು ಹೊರಗಿನ ಒತ್ತಡಕ್ಕೂ ಬ್ಯಾಗ್ ಒಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸ ಮಾತ್ರ. ಮಂಗಳೂರಿನಲ್ಲಿ 750 ತೋರಿಸುವ ಪಂಪ್ ಇಲ್ಲಿ 680 ತೋರಿಸುತ್ತದೆ. ಎರಡೂ ಕಡೆ ಒಳಗೆ ಉಳಿದಿರುವುದು 10, ಅಂದರೆ ಸುಮಾರು 13 ಮಿಲಿಬಾರ್. ನೀವು ನೋಡಬೇಕಾದದ್ದು ಈ ಉಳಿದ ಒತ್ತಡವನ್ನು. ಅದನ್ನೇ ನೇರವಾಗಿ ತೋರಿಸುವ ಅಬ್ಸಲ್ಯೂಟ್ ಗೇಜ್ ಸಿಗುತ್ತದೆ, ದಯವಿಟ್ಟು ಒಂದು ತಗೊಳ್ಳಿ. ಬ್ಯಾಗ್ ಮೇಲೆ ಬೀಳುವ ಒತ್ತಡ ಇಲ್ಲಿ ಕರಾವಳಿಗಿಂತ ಶೇ. 9ರಷ್ಟು ಕಡಿಮೆ, ನಿಜ. ಅದನ್ನು ಯಾವ ಪಂಪೂ ತುಂಬಿಕೊಡುವುದಿಲ್ಲ.

ಮುಳ್ಳು 640ಕ್ಕೇ ನಿಂತರೆ ಮಾತು ಬೇರೆ. ವಸಂತನರಸಾಪುರದ ಒಬ್ಬ ಹುಡುಗ, ಬಹಳ ಶ್ರದ್ಧೆಯ ಕೆಲಸಗಾರ, ಹೀಗಾದಾಗ ಎರಡರಷ್ಟು ಸಿಎಫ್‌ಎಂನ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ) ಪಂಪ್ ತಂದ. ಮುಳ್ಳು ಸ್ವಲ್ಪ ಮೇಲೇರಿತು. ಪೀಸ್‌ನಲ್ಲಿ ಗುಳ್ಳೆ ಮಾತ್ರ ಹಾಗೇ ಬಂತು. ಸಿಎಫ್‌ಎಂ ಅಂದರೆ ಗಾಳಿ ಎಷ್ಟು ಬೇಗ ಖಾಲಿಯಾಗುತ್ತದೆ ಅನ್ನುವುದು, ಅಷ್ಟೇ. ಬ್ಯಾಗ್ ಸೋರುತ್ತಿದ್ದರೆ ದೊಡ್ಡ ಪಂಪ್ ಆ ಸೋರಿಕೆಯನ್ನು ಗೇಜ್‌ನಲ್ಲಿ ಮುಚ್ಚಿಡುತ್ತದೆ. ಒಳಗೆ ನುಗ್ಗಿದ ಗಾಳಿ ರೆಸಿನ್ ಮೂಲಕವೇ ಹಾದುಹೋಗಬೇಕಲ್ವಾ? ನಾನು ಪಂಪ್ ಕಡೆಯ ಹೋಸ್‌ಗೆ ಕ್ಲಾಂಪ್ ಹಾಕಿ ಗೇಜ್ ನೋಡುತ್ತಾ ಕೂತೆ. ಮುಳ್ಳು ಕಣ್ಣೆದುರೇ ಇಳಿಯಿತು. ಮೂಲೆಯ ಮಡಿಕೆಯಲ್ಲಿ ಸೀಲಂಟ್ ಟೇಪ್ ಕೂತಿರಲಿಲ್ಲ. ಹಳೆಯ ಪಂಪೇ ಸಾಕಾಗಿತ್ತು.

ರೆಸಿನ್ ಬಿಡುವ ಮೊದಲು ಪ್ರತಿ ಸಲ ಹೀಗೆ ಹತ್ತು ಹದಿನೈದು ನಿಮಿಷ ನೋಡಿ. ಎಷ್ಟು ಇಳಿದರೆ ಪರವಾಗಿಲ್ಲ ಅನ್ನುವುದು ಪೀಸ್ ಮೇಲೆ ಹೋಗುತ್ತದೆ, ನಾನು ಒಂದೇ ಅಂಕಿ ಹೇಳಲಾರೆ.

ಚಿಕ್ಕ ಮೋಲ್ಡ್‌ಗೆ ಎಸಿ ಮೆಕ್ಯಾನಿಕ್‌ಗಳು ಬಳಸುವ ಆಯಿಲ್ ಪಂಪ್ ಕೂಡ ನಡೆಯುತ್ತದೆ. ಆದರೆ ಪಾಲಿಯೆಸ್ಟರ್, ವಿನೈಲೆಸ್ಟರ್ ರೆಸಿನ್‌ಗಳಲ್ಲಿ ಸ್ಟೈರೀನ್ ಅನ್ನುವ ಆವಿಯಾಗುವ ದ್ರವ ಇರುತ್ತದೆ. ವ್ಯಾಕ್ಯೂಮ್ ತೀರಾ ಜಾಸ್ತಿಯಾದರೆ ಸ್ಟೈರೀನೇ ಕುದಿದು ಗುಳ್ಳೆಯಾಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಡೇಟಾ ಶೀಟ್ ನೋಡಿ ನಿರ್ಧರಿಸಿ. ಸ್ಟೈರೀನ್ ಆವಿ ಪಂಪಿನ ಆಯಿಲ್ ಅನ್ನೂ ಕೆಡಿಸುತ್ತದೆ, ಹಾಗಾಗಿ ಆಯಿಲ್ ಬೇಗ ಬೇಗ ಬದಲಿಸಿ. ಮಧ್ಯೆ ರೆಸಿನ್ ಟ್ರ್ಯಾಪ್ (ರೆಸಿನ್ ಪಂಪಿಗೆ ಹೋಗದಂತೆ ಹಿಡಿಯುವ ಡಬ್ಬಿ) ಇಲ್ಲದೆ ಪಂಪ್ ಆನ್ ಮಾಡಲೇಬೇಡಿ.