ಕೆಲಸ ಮುಗಿದ ಕೂಡಲೇ ಬರುವ ಮರೆವು

ಎಟಿಎಂನಲ್ಲಿ ದುಡ್ಡು ತೆಗೆಯುವಾಗ ಒಂದು ಸಣ್ಣ ಸಂಗತಿ ಗಮನಿಸಿದ್ದೀರಾ? ಈಗ ಎಷ್ಟೋ ಯಂತ್ರಗಳು ಮೊದಲು ಕಾರ್ಡ್ ವಾಪಸ್ ಕೊಡುತ್ತವೆ. ಅದನ್ನು ನೀವು ಎಳೆದುಕೊಂಡ ಮೇಲೇ ನೋಟು ಹೊರಗೆ ಬರುತ್ತದೆ.

ಹಿಂದೆ ಬಹಳಷ್ಟು ಯಂತ್ರಗಳಲ್ಲಿ ಇದು ಉಲ್ಟಾ ಇತ್ತು. ಮೊದಲು ನೋಟು, ಆಮೇಲೆ ಕಾರ್ಡ್. ಜನ ನೋಟು ಎಣಿಸಿ ಜೇಬಿಗೆ ಹಾಕಿಕೊಂಡು, ಕಾರ್ಡನ್ನು ಯಂತ್ರದ ಬಾಯಲ್ಲೇ ಬಿಟ್ಟು ಹೊರಟುಬಿಡುತ್ತಿದ್ದರು. ಓದಿದವರು, ಓದದವರು, ವಯಸ್ಸಾದವರು, ಹುಡುಗರು, ಎಲ್ಲರೂ. ಕೊನೆಗೆ ಬದಲಾಗಿದ್ದು ಜನರಲ್ಲ, ಯಂತ್ರ. ಕಾರ್ಡ್ ತೆಗೆದುಕೊಳ್ಳದಿದ್ದರೆ ದುಡ್ಡೇ ಇಲ್ಲ ಎಂದಾದ ಮೇಲೆ ಕಾರ್ಡ್ ಬಿಟ್ಟುಹೋಗುವುದು ತುಂಬ ಕಡಿಮೆಯಾಯಿತು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್‌ಕ್ಲೇಸ್ ಬ್ಯಾಂಕ್ ಶುರು ಮಾಡಿದ ಯಂತ್ರಕ್ಕೆ ಈ ತೊಂದರೆಯೇ ಇರಲಿಲ್ಲ. ಅದಕ್ಕೆ ಕಾಗದದ ಚೀಟಿ ಹಾಕಬೇಕಿತ್ತು, ಚೀಟಿಯನ್ನು ಯಂತ್ರವೇ ಇಟ್ಟುಕೊಳ್ಳುತ್ತಿತ್ತು. ವಾಪಸ್ ಪಡೆಯುವ ವಸ್ತು ಬಂದ ಮೇಲೆ ಮರೆಯುವುದೂ ಬಂತು.

ಯಂತ್ರದ ಮುಂದೆ ನಿಂತವರ ತಲೆಯಲ್ಲಿರುವುದು ಒಂದೇ ಗುರಿ, ದುಡ್ಡು. ಕಾರ್ಡ್ ಹಾಕುವುದು, ಗುಟ್ಟಿನ ಸಂಖ್ಯೆ ಒತ್ತುವುದು, ಮೊತ್ತ ಒತ್ತುವುದು ಎಲ್ಲವೂ ಆ ಗುರಿ ಮುಟ್ಟುವ ಮೆಟ್ಟಿಲು. ದುಡ್ಡು ಕೈಗೆ ಬಂತೆಂದರೆ ಮಿದುಳಿನ ಮಟ್ಟಿಗೆ ಕೆಲಸ ಮುಗಿಯಿತು. ಅದು ಆ ಕೆಲಸವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಕಾರ್ಡ್ ತೆಗೆದುಕೊಳ್ಳಬೇಕು ಅನ್ನುವ ಕೊನೆಯ ಹೆಜ್ಜೆ ಗುರಿಯ ಆಚೆ ಇದೆ. ಅದನ್ನು ನೆನಪಿಸಲು ಒಳಗೆ ಯಾರೂ ಉಳಿದಿರುವುದಿಲ್ಲ.

ಮನೋವಿಜ್ಞಾನಿಗಳು ಇದನ್ನು ಕೆಲಸ ಮುಗಿದ ನಂತರದ ತಪ್ಪು ಎಂದು ಪ್ರತ್ಯೇಕವಾಗಿಯೇ ಗುರುತಿಸುತ್ತಾರೆ. ಮೈಕೆಲ್ ಬರ್ನ್ ಮತ್ತು ಸೂಸನ್ ಬೋವೇರ್ 1997ರಲ್ಲಿ ಇದರ ಬಗ್ಗೆ ಪ್ರಯೋಗ ಪ್ರಕಟಿಸಿದರು. ಅವರು ಜನರಿಗೆ ಕಂಪ್ಯೂಟರಿನಲ್ಲಿ ಹಲವು ಹೆಜ್ಜೆಗಳ ಒಂದು ಕೆಲಸ ಕಲಿಸಿದರು. ಮುಖ್ಯ ಗುರಿ ಮುಟ್ಟಿದ ಮೇಲೂ ಒಂದು ಹೆಜ್ಜೆ ಬಾಕಿ ಇರುವಂತೆ ಮಾಡಿದರು. ಆ ಹೆಜ್ಜೆ ಎಲ್ಲರಿಗೂ ಗೊತ್ತಿತ್ತು. ಆದರೂ ತಲೆಯಲ್ಲಿ ಬೇರೆ ವಿಷಯ ಜಾಸ್ತಿ ತುಂಬಿದಾಗ ಅದೇ ಹೆಜ್ಜೆ ಬಿಟ್ಟುಹೋಗುತ್ತಿತ್ತು. ಗೊತ್ತಿರುವುದು ಬೇರೆ, ಬೇಕಾದ ಹೊತ್ತಿಗೆ ನೆನಪಾಗುವುದು ಬೇರೆ. ನಾವು ಕಳೆದುಕೊಳ್ಳುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಎರಡರ ನಡುವೆಯೇ ಜಾರಿಹೋಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಟಿಕೆಟ್ ಕೌಂಟರಿನ ಪಕ್ಕ ಸ್ವಲ್ಪ ಹೊತ್ತು ನಿಂತು, ಬಂದವರ ಕೈಗಳನ್ನೇ ನೋಡಿ. ಒಂದು ಕೈಯಲ್ಲಿ ಪರ್ಸ್, ಇನ್ನೊಂದು ಕೈಯಲ್ಲಿ ನೋಟು. ನೋಟು ಕಿಂಡಿಯೊಳಗೆ ಹೋಗುತ್ತದೆ. ಆ ಕಡೆಯಿಂದ ಟಿಕೆಟ್ ಬರುತ್ತದೆ, ಅದರ ಮೇಲೆ ಮಡಿಚಿದ ನೋಟು, ಅದರ ಮೇಲೆ ಚಿಲ್ಲರೆ. ಚಿಲ್ಲರೆ ಉರುಳದಂತೆ ಹಿಡಿಯಲು ಎರಡೂ ಕೈ ಬೇಕು. ಪರ್ಸ್ ಸುಮ್ನೆ ಒಂದು ಗಳಿಗೆ ಕಟ್ಟೆಯ ಮೇಲೆ ಕೂರುತ್ತದೆ. ಅಷ್ಟರಲ್ಲಿ ಹಿಂದಿನವರು ಮುಂದೆ ಬಂದಾಯಿತು. ಇವರು ಟಿಕೆಟ್ಟಿನ ಮೇಲಿನ ಸಮಯ ಓದುತ್ತಾ ಪಕ್ಕಕ್ಕೆ ಸರಿಯುತ್ತಾರೆ. ಕೈಗಳು ತುಂಬಿವೆ, ಹಾಗಾಗಿ ಏನೋ ಕಡಿಮೆ ಇದೆ ಅನ್ನಿಸುವುದೇ ಇಲ್ಲ. ಬೇಕಾಗಿದ್ದ ಟಿಕೆಟ್ ಸಿಕ್ಕಿದೆ. ಪರ್ಸ್ ಕಟ್ಟೆಯ ಮೇಲಿದೆ.

ಇಲ್ಲಿ ದಡ್ಡತನ ಎಲ್ಲಿದೆ ಹೇಳಿ? ಪ್ರತಿಯೊಂದು ಹೆಜ್ಜೆಯೂ ಆ ಹೊತ್ತಿಗೆ ಸರಿಯಾಗಿಯೇ ಇದೆ.

ಇನ್ನೊಂದು ಮಾತು. ಹೀಗಾಗುವುದು ನಮಗೆ ಬಾರದ ಕೆಲಸದಲ್ಲಿ ಅಲ್ಲ, ಚೆನ್ನಾಗಿ ಬರುವ ಕೆಲಸದಲ್ಲಿ. ಊಟದ ಹೊತ್ತಿಗೆ ಬಟ್ಟೆ ಬದಲಿಸಲು ಮಲಗುವ ಕೋಣೆಗೆ ಹೋದವರು ಒಂದೊಂದೇ ಬಟ್ಟೆ ಬಿಚ್ಚುತ್ತಾ ಕೊನೆಗೆ ಹಾಸಿಗೆಗೇ ಸೇರಿಬಿಡುವುದನ್ನು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. ರಾತ್ರಿ ಆ ಕೋಣೆಗೆ ಹೋದಾಗ ಕೈಗಳು ದಿನವೂ ಮಾಡುವುದು ಅದನ್ನೇ ತಾನೆ. ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್ 35 ಜನರಿಗೆ ಎರಡು ವಾರ ದಿನಚರಿ ಬರೆಯಲು ಹೇಳಿದರು. ಮಾಡಬೇಕೆಂದುಕೊಂಡಿದ್ದು ಒಂದು, ಮಾಡಿದ್ದು ಇನ್ನೊಂದು ಆದಾಗಲೆಲ್ಲ ಗುರುತು ಹಾಕಬೇಕಿತ್ತು. 1979ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಿಕ್ಕಿದ್ದು 433 ತಪ್ಪುಗಳು. ಹೆಚ್ಚಿನವು ಕೈಗೆ ಪಳಗಿದ, ಯೋಚನೆಯೇ ಬೇಡದ ಕೆಲಸಗಳಲ್ಲಿ, ಮನಸ್ಸು ಬೇರೆಲ್ಲೋ ಇದ್ದಾಗ ಆಗಿದ್ದವು.

ಅಭ್ಯಾಸವಾದ ಕೆಲಸವನ್ನು ಮಿದುಳು ಗಮನದ ಕೈಯಿಂದ ಬಿಡಿಸಿ ರೂಢಿಯ ಕೈಗೆ ಕೊಡುತ್ತದೆ. ಕೊಡಲೇಬೇಕು. ಒಂದು ಹೊತ್ತಿನಲ್ಲಿ ಎಚ್ಚರದಲ್ಲಿ ಹಿಡಿದಿಡಬಹುದಾದ ಸಂಗತಿಗಳು ಸುಮಾರು ನಾಲ್ಕು ಅಷ್ಟೇ ಎಂದು ನೆಲ್ಸನ್ ಕೋವನ್ 2001ರಲ್ಲಿ ಹಲವು ಪ್ರಯೋಗಗಳನ್ನು ಕೂಡಿಸಿ ತೋರಿಸಿದ್ದರು. ನಡೆಯುವುದು, ಬಾಗಿಲು ತೆರೆಯುವುದು, ಚಿಲ್ಲರೆ ಎಣಿಸುವುದು ಇವೆಲ್ಲವೂ ಆ ನಾಲ್ಕರಲ್ಲಿ ಜಾಗ ಕೇಳಿದರೆ ರಸ್ತೆಗೆ ಇಳಿಯಲೂ ಆಗುವುದಿಲ್ಲ. ಮಾತಾಡುತ್ತಾ ನಡೆಯಬಲ್ಲೆವು ಅನ್ನುವ ವರ ಎಲ್ಲಿಂದ ಬಂತೋ, ಪರ್ಸ್ ಬಿಟ್ಟುಬರುವುದೂ ಅಲ್ಲಿಂದಲೇ.

ರೂಢಿಯ ಕೆಲಸ ಕೆಡಲು ದೊಡ್ಡ ಅಡ್ಡಿಯೇನೂ ಬೇಡ. ಎರಿಕ್ ಆಲ್ಟ್‌ಮನ್ ಮತ್ತು ಸಂಗಡಿಗರು ಸುಮಾರು 300 ಜನರಿಗೆ ಕಂಪ್ಯೂಟರಿನಲ್ಲಿ ಕ್ರಮವಾಗಿ ಮಾಡಬೇಕಾದ ಕೆಲಸ ಕೊಟ್ಟು, ನಡುನಡುವೆ ತಡೆದರು. ಬರೀ 2.8 ಸೆಕೆಂಡಿನ ಅಡ್ಡಿಯಿಂದ ಕ್ರಮ ತಪ್ಪುವುದು ಎರಡರಷ್ಟಾಯಿತು. 4.4 ಸೆಕೆಂಡಿನ ಅಡ್ಡಿಯಿಂದ ಮೂರರಷ್ಟು. ಫೋನ್ ಒಮ್ಮೆ ಗುಂಯ್ ಅಂದಾಗ ಪರದೆಯ ಕಡೆ ಕಣ್ಣು ಹಾಯಿಸಿ ವಾಪಸ್ ಬರಲು ಅಷ್ಟೇ ಹೊತ್ತು ಸಾಕು. ಬಂದ ಮೇಲೆ ಮಿದುಳು ಬಿಟ್ಟ ಹೆಜ್ಜೆಯಿಂದಲೇ ಶುರು ಮಾಡುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದು ಹೆಜ್ಜೆ ಮುಂದಿನಿಂದಲೂ ಹಿಡಿದುಕೊಳ್ಳಬಹುದು. ಆ ಹಾರಿಹೋದ ಹೆಜ್ಜೆ ಪರ್ಸನ್ನು ಜೇಬಿಗೆ ಹಾಕುವುದೇ ಆಗಿದ್ದರೆ?

ಆಮೇಲೆ ಎದೆ ಧಸಕ್ ಎನ್ನುತ್ತದೆ. ಜೇಬು ತಡಕುತ್ತೇವೆ, ಚೀಲ ಸುರಿಯುತ್ತೇವೆ, ಕೊನೆಯ ಸಲ ಎಲ್ಲಿ ತೆಗೆದಿದ್ದೆ ಎಂದು ನೆನಪಿಗೆ ಕೈಹಾಕುತ್ತೇವೆ. ಅಲ್ಲಿ ಏನೂ ಸಿಗುವುದಿಲ್ಲ. ನೆನಪು ಅಳಿಸಿಹೋಗಿದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಆ ನೆನಪು ಹುಟ್ಟಿಯೇ ಇರುವುದಿಲ್ಲ. ಗಮನವಿಲ್ಲದೆ ಮಾಡಿದ ಕೆಲಸವನ್ನು ಮಿದುಳು ದಾಖಲಿಸಿಕೊಳ್ಳುವುದು ಬಹಳ ಕಡಿಮೆ. ರೇಮಂಡ್ ನಿಕರ್ಸನ್ ಮತ್ತು ಮೆರಿಲಿನ್ ಆಡಮ್ಸ್ 1979ರಲ್ಲಿ ಅಮೆರಿಕದ ಜನರಿಗೆ ಒಂದು ಸೆಂಟಿನ ನಾಣ್ಯದ ಚಿತ್ರವನ್ನು ನೆನಪಿನಿಂದ ಬರೆಯಲು ಹೇಳಿದ್ದರು. ಹುಟ್ಟಿದಾಗಿನಿಂದ ನೋಡಿದ ನಾಣ್ಯ. ಆದರೂ ಮುಖ ಯಾವ ಕಡೆ ತಿರುಗಿದೆ, ಯಾವ ಅಕ್ಷರ ಎಲ್ಲಿದೆ ಅನ್ನುವುದು ಹೆಚ್ಚಿನವರಿಗೆ ಬರಲಿಲ್ಲ. ಸಾವಿರಾರು ಸಲ ನೋಡಿದ್ದೇ ಹೀಗಾದರೆ, ನೋಡದೆ ಒಮ್ಮೆ ಕೆಳಗಿಟ್ಟ ಪರ್ಸ್ ಎಲ್ಲಿಂದ ನೆನಪಾಗಬೇಕು?

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಕೆಲವರು ಜೇಬಿಗೆ ಹಾಕಿಕೊಂಡಿದ್ದೆ, ನನಗೆ ಚೆನ್ನಾಗಿ ನೆನಪಿದೆ ಎಂದು ಆಣೆ ಮಾಡಿ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ದಿನವೂ ಹಾಕಿಕೊಂಡ ನೆನಪುಗಳು ಕಲೆತು ಇವತ್ತಿನದೆಂಬಂತೆ ಕಾಣುತ್ತವೆ. ಹಾಕಬೇಕೆಂದುಕೊಂಡಿದ್ದೇ ಹಾಕಿದ್ದಾಗಿ ನೆನಪಾಗುವುದೂ ಉಂಟು. ಮನೆಯವರ ಜತೆ ಜಗಳ ಶುರುವಾಗುವುದು ಇಲ್ಲೇ.

ಕಣ್ಣ ಮುಂದೆ ಇದ್ದದ್ದು ಕಾಣಲಿಲ್ಲವಾ ಎಂದು ಕೇಳುವವರಿಗೆ ಹೇಳಲು ಒಂದು ಒಳ್ಳೆಯ ಪ್ರಯೋಗವಿದೆ. ಐರಾ ಹೈಮನ್ ಎಂಬ ಮನೋವಿಜ್ಞಾನಿಯ ತಂಡ ಕಾಲುದಾರಿಯ ಮೇಲೆ ಬಾಗಿದ ಒಂದು ಕೊಂಬೆಗೆ ಡಾಲರ್ ನೋಟುಗಳನ್ನು ಸಿಕ್ಕಿಸಿತು. ತಲೆಗೆ ತಾಗುವ ಎತ್ತರದಲ್ಲಿ. ದಾರಿಹೋಕರು ಕೊಂಬೆಗೆ ಬಡಿಯದಂತೆ ಪಕ್ಕಕ್ಕೆ ಸರಿದು ಹೋದರು, ಅಂದರೆ ಕಣ್ಣು ಕೊಂಬೆಯನ್ನು ಕಂಡಿದೆ, ಕಾಲು ಅದಕ್ಕೆ ತಕ್ಕಂತೆ ತಿರುಗಿದೆ. ಆದರೆ ಅದರ ಮೇಲಿದ್ದ ದುಡ್ಡು ಅರಿವಿಗೆ ಬಂದವರು ತೀರ ಕಡಿಮೆ. ಫೋನ್ ಬಳಸುತ್ತಾ ನಡೆದವರಲ್ಲಿ ಇನ್ನೂ ಕಡಿಮೆ. 2014ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಬಹಳ ಇಷ್ಟ. ಕಣ್ಣಿಗೆ ಬೀಳುವುದಕ್ಕೂ ಮನಸ್ಸಿಗೆ ಬರುವುದಕ್ಕೂ ನಡುವೆ ಇರುವ ದೂರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ದೂರ ಜೇಬುಗಳ್ಳರಿಗೆ ಎಂದಿನಿಂದಲೂ ಗೊತ್ತು. ದಾರಿ ಕೇಳುವುದು, ಭುಜ ತಾಗಿಸುವುದು, ಅಂಗಿಗೆ ಏನೋ ಅಂಟಿದೆ ಎಂದು ತೋರಿಸುವುದು, ಎಲ್ಲವೂ ನಮ್ಮ ಗಮನವನ್ನು ಜೇಬಿನಿಂದ ಬಿಡಿಸುವ ದಾರಿ. ವೇದಿಕೆಯ ಮೇಲೆ ಎಲ್ಲರ ಎದುರೇ ಜೇಬು ಖಾಲಿ ಮಾಡಿ ತೋರಿಸುವ ಕಲಾವಿದ ಅಪೋಲೋ ರಾಬಿನ್ಸ್ ಹೇಳಿದ ಒಂದು ವಿಷಯವನ್ನು ನರವಿಜ್ಞಾನಿಗಳು ಪರೀಕ್ಷೆಗೆ ಹಚ್ಚಿದರು. ಕೈಯನ್ನು ನೇರವಾಗಿ ಸರಿಸಿದರೆ ನೋಡುವವರ ಕಣ್ಣು ಶುರುವಾದ ಜಾಗಕ್ಕೆ ವಾಪಸ್ ಜಿಗಿಯುತ್ತದೆ, ಕಮಾನಿನ ಹಾಗೆ ತಿರುಗಿಸಿದರೆ ಕಣ್ಣು ಕೈಯನ್ನೇ ಹಿಂಬಾಲಿಸುತ್ತದೆ ಅನ್ನುವುದು ಅವರ ಅನುಭವ. ಕಣ್ಣಿನ ಚಲನೆ ಅಳೆದು ನೋಡಿದಾಗ, ಗಮನ ಬೇರೆಡೆ ಸೆಳೆಯಲು ಕಮಾನಿನ ಚಲನೆಯೇ ಹೆಚ್ಚು ಬಲವಾದದ್ದು ಎಂದು 2011ರಲ್ಲಿ ಖಚಿತವಾಯಿತು. ಹೀಗೆ ಕೈಚಳಕ ಪಳಗಿಸಿಕೊಂಡವರ ಮುಂದೆ, ಬಸ್ಸಿಗೆ ಹೊತ್ತಾಯಿತೆಂಬ ಚಿಂತೆಯಲ್ಲಿರುವವರು ಸೋಲುವುದರಲ್ಲಿ ಆಶ್ಚರ್ಯವೇನಿದೆ?

ಆದರೂ ಕಳೆದುಕೊಂಡವರಿಗೆ ಮೊದಲು ಕೇಳಿಬರುವ ಮಾತು, ಜ್ಞಾನ ಎಲ್ಲಿತ್ತು ನಿಂಗೆ? ಕಳೆದುಕೊಂಡವರೂ ತಮ್ಮನ್ನು ತಾವು ಹಾಗೇ ಬೈದುಕೊಳ್ಳುತ್ತಾರೆ. ದುಡ್ಡಿನ ನೋವಿಗಿಂತ ಈ ನೋವೇ ಎಷ್ಟೋ ಸಲ ದೊಡ್ಡದು, ಅದು ಅನ್ಯಾಯ ಕೂಡ. 1999ರ ಅಕ್ಟೋಬರಿನಲ್ಲಿ ಚೆಲ್ಲೋ ಎಂಬ ದೊಡ್ಡ ತಂತಿವಾದ್ಯದ ಜಗತ್ಪ್ರಸಿದ್ಧ ವಾದಕ ಯೋ ಯೋ ಮಾ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿಯಿಂದ ಇಳಿದು, ಹಣ ಕೊಟ್ಟು ಹೋದರು. ಡಿಕ್ಕಿಯಲ್ಲಿ ಅವರ ಚೆಲ್ಲೋ ಉಳಿದಿತ್ತು. 1733ರಲ್ಲಿ ವೆನಿಸ್ಸಿನಲ್ಲಿ ತಯಾರಾದದ್ದು, ಬೆಲೆ ಸುಮಾರು 25 ಲಕ್ಷ ಡಾಲರ್. ಅದೃಷ್ಟಕ್ಕೆ ಪೊಲೀಸರು ಅದೇ ದಿನ ಹುಡುಕಿ ಕೊಟ್ಟರು. ಜೀವಕ್ಕಿಂತ ಹೆಚ್ಚಾಗಿ ನೋಡಿಕೊಂಡ ವಾದ್ಯ. ಆದರೆ ಅವರು ದಣಿದಿದ್ದರು, ಅವಸರದಲ್ಲಿದ್ದರು, ವಾದ್ಯ ಕಣ್ಣಿಗೆ ಮರೆಯಾಗಿತ್ತು, ತಲುಪಬೇಕಾದ ಜಾಗ ಬಂದಿತ್ತು. ಗುರಿ ಮುಟ್ಟಿಯಾಗಿತ್ತು.

ಹಾಗಾದರೆ ಮಾಡುವುದೇನು? ಇನ್ನು ಮೇಲೆ ಹುಷಾರಾಗಿರುತ್ತೇನೆ ಎಂದುಕೊಂಡರೆ ಹೆಚ್ಚೇನೂ ಉಪಯೋಗವಿಲ್ಲ. ಹುಷಾರು ಬೇಕಾದ ಕ್ಷಣದಲ್ಲೇ ಅದು ಇರುವುದಿಲ್ಲವಲ್ಲ. ಎಟಿಎಂ ಕಲಿಸಿದ ಪಾಠವನ್ನೇ ನಮ್ಮ ಕೈಗೂ ಹಚ್ಚಬೇಕು. ಪರ್ಸ್ ಜೇಬಿಗೆ ಹೋದ ಮೇಲೇ ಟಿಕೆಟ್ ಮುಟ್ಟುವುದು. ಪರ್ಸನ್ನು ಕಟ್ಟೆಯ ಮೇಲೆ, ಸೀಟಿನ ಮೇಲೆ, ತೊಡೆಯ ಮೇಲೆ ಇಡದೆ ಇರುವುದು. ಒಂದೋ ಕೈ, ಇಲ್ಲವೇ ಜೇಬು. ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಇನ್ನೊಂದು ಉಪಾಯವಿದೆ. ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಡುವುದು. ಸೀಟಿನಿಂದ ಎದ್ದ ಕೂಡಲೇ ಹಿಂತಿರುಗಿ ಸೀಟು ನೋಡುತ್ತೇನೆ ಅನ್ನುವ ಹಾಗೆ. ಏಳುವುದೇ ಆಗ ನೆನಪಿನ ಗಂಟೆಯಾಗುತ್ತದೆ.

ಜಪಾನಿನ ರೈಲು ನೌಕರರು ಸಿಗ್ನಲ್ಲನ್ನು ಬೆರಳಿನಿಂದ ತೋರಿಸಿ, ಅದರ ಸ್ಥಿತಿಯನ್ನು ಜೋರಾಗಿ ಹೇಳುತ್ತಾರೆ. ನೋಡುವವರಿಗೆ ವಿಚಿತ್ರ ಅನ್ನಿಸಬಹುದು. 1994ರಲ್ಲಿ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ, ಬೆರಳು ಮತ್ತು ಮಾತು ಎರಡನ್ನೂ ಸೇರಿಸಿದಾಗ ಸರಳ ಕೆಲಸದ ತಪ್ಪುಗಳು ನೂರಕ್ಕೆ ಸುಮಾರು 85ರಷ್ಟು ಇಳಿದವು. ಇಳಿಯುವ ಮೊದಲು ಫೋನ್, ಪರ್ಸ್, ಚೀಲ ಎಂದು ಮುಟ್ಟಿ ಮುಟ್ಟಿ ಮೆಲ್ಲಗೆ ಹೇಳಿಕೊಳ್ಳುವುದಕ್ಕೆ ನಾಚಿಕೆ ಯಾಕೆ?

ಇಷ್ಟೆಲ್ಲ ಮಾಡಿಯೂ ಒಂದು ದಿನ ಪರ್ಸ್ ಎಲ್ಲೋ ಉಳಿದುಹೋಗುತ್ತದೆ. ಆಗಿನ ಪಾಡಿನ ಬಗ್ಗೆಯೂ ವಿಜ್ಞಾನಕ್ಕೆ ಹೇಳಲು ಒಂದು ಒಳ್ಳೆಯ ಸುದ್ದಿ ಇದೆ. ಅಲೆನ್ ಕಾನ್, ಮಿಶೆಲ್ ಮಾರೆಶಾಲ್ ಮತ್ತಿತರರು 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸ್‌ಗಳನ್ನು ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳಂಥ ಕಡೆ ಕೊಟ್ಟು, ದಾರಿಯಲ್ಲಿ ಸಿಕ್ಕಿತು ಎಂದು ಹೇಳಿಸಿದರು. ಕೆಲವದರಲ್ಲಿ ಹಣವಿತ್ತು, ಕೆಲವದರಲ್ಲಿ ಇರಲಿಲ್ಲ. ಹಣವಿಲ್ಲದ ಪರ್ಸ್‌ಗಳ ವಾರಸುದಾರರನ್ನು ಸಂಪರ್ಕಿಸಿದವರು ನೂರಕ್ಕೆ ಸುಮಾರು 40. ಹಣವಿದ್ದಾಗ 51. ಮೂರು ದೇಶಗಳಲ್ಲಿ ಇನ್ನೂ ಜಾಸ್ತಿ ಹಣ ಇಟ್ಟು ನೋಡಿದರೆ ಅಲ್ಲಿ 72ಕ್ಕೆ ಏರಿತು. ಇನ್ನೊಬ್ಬರ ದುಡ್ಡು ಇಟ್ಟುಕೊಂಡರೆ ತಾನು ಕಳ್ಳನಾದೆ ಅನ್ನಿಸುವುದು ಜನರಿಗೆ ಬೇಡ, ಕಳೆದುಕೊಂಡವರ ಕಷ್ಟವೂ ಅವರಿಗೆ ಅರ್ಥವಾಗುತ್ತದೆ ಎಂದು ಸಂಶೋಧಕರು 2019ರಲ್ಲಿ ಬರೆದರು. ಆ ಪರ್ಸ್‌ಗಳೆಲ್ಲ ಪಾರದರ್ಶಕವಾಗಿದ್ದವು, ಒಳಗಿನ ಚೀಟಿಯ ಹೆಸರು ಮತ್ತು ಇಮೇಲ್ ವಿಳಾಸ ತೆರೆಯದೆಯೇ ಕಾಣುತ್ತಿದ್ದವು. ನಿಮ್ಮ ಪರ್ಸಿನಲ್ಲೂ ತೆರೆದ ಕೂಡಲೇ ಕಾಣುವ ಜಾಗದಲ್ಲಿ ಒಂದು ಚೀಟಿ ಇಡಿ. ಅದರ ಮೇಲೆ ಫೋನ್ ಸಂಖ್ಯೆ ಬರೆಯಿರಿ. ಸಂಖ್ಯೆ ಮಾತ್ರ ಮನೆಯಲ್ಲಿರುವ ಇನ್ನೊಬ್ಬರದ್ದಾಗಿರಲಿ, ಯಾಕೆಂದರೆ ಪರ್ಸಿನ ಜತೆ ನಿಮ್ಮ ಫೋನೂ ಅಲ್ಲೇ ಉಳಿದಿರಬಹುದು.