ಪಾಪದ ಹಲ್ಲಿ

ಕಳೆದ ವರ್ಷ ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬ ಮುಗಿದು ಮೂರ್ನಾಲ್ಕು ವಾರ ಆಗಿತ್ತು. ಪೊನ್ನಂಪೇಟೆ ಕಡೆ, ಗದ್ದೆಗೆ ಅಂಟಿಕೊಂಡ ಹಾಗಿರುವ ನಮ್ಮ ಮನೆಯಲ್ಲಿ ಅಕ್ಕನ ಮಗಳು ಬೆಳಿಗ್ಗೆ ಎದ್ದು ಕನ್ನಡಿ ನೋಡಿ ಕಿರುಚಿದಳು. ಕಣ್ಣಿನ ಕೆಳಗಿಂದ ದವಡೆಯವರೆಗೆ ಬೆರಳಲ್ಲಿ ಎಳೆದ ಹಾಗೆ ಒಂದು ಕೆಂಪು ಗೆರೆ. ಕೆಂಡ ತಾಗಿದಂಥ ಉರಿ. ಮಧ್ಯಾಹ್ನದ ಹೊತ್ತಿಗೆ ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆ.

ಮನೆಯಲ್ಲಿ ಎರಡು ಪಕ್ಷ ಆಯಿತು. ಭಾವ ಗೋಡೆ ಕಡೆ ಕೈ ತೋರಿಸಿ, "ಹಲ್ಲಿ ಉಚ್ಚೆ ಹೊಯ್ದಿದೆ" ಅಂದರು. ದೊಡ್ಡಮ್ಮ ಒಪ್ಪಲಿಲ್ಲ. "ಸರ್ಪಸುತ್ತು ಕಣೋ. ತಲೆ ಬಾಲ ಸೇರೋಕೆ ಮುಂಚೆ ಕೆಮ್ಮಣ್ಣು ಬಳಿಸ್ಕೊಂಡು ಬನ್ನಿ."

ಮೊದಲು ಹಲ್ಲಿಯ ಪರ ಎರಡು ಮಾತು. ನಮ್ಮ ಮನೆಹಲ್ಲಿ ನಮ್ಮ ಹಾಗೆ ನೀರು ನೀರಾಗಿ ಉಚ್ಚೆ ಹೊಯ್ಯುವುದೇ ಇಲ್ಲ. ಮೈಯ ನೀರು ಉಳಿಸಿಕೊಳ್ಳಲು ಅದು ಕಶ್ಮಲವನ್ನು ಯೂರಿಕ್ ಆಮ್ಲ ಮಾಡಿ ಗಟ್ಟಿಯಾಗಿ ಹೊರಹಾಕುತ್ತದೆ. ಹಲ್ಲಿ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕಿ ನೋಡಿದ್ದೀರಲ್ವಾ? ಅದೇ ಅದರ ಉಚ್ಚೆ. ಅದರಿಂದ ಕೆನ್ನೆ ಸುಡುವುದಿಲ್ಲ.

ನಿಜವಾದ ಅಪರಾಧಿ ಜಗಲಿಯ ಟ್ಯೂಬ್‌ಲೈಟ್ ಕೆಳಗೆ ಓಡಾಡುತ್ತಿತ್ತು. ಸುಮಾರು ಒಂದು ಸೆಂಟಿಮೀಟರ್ ಉದ್ದ. ದೂರದಿಂದ ಇರುವೆ ಅನ್ನಿಸುತ್ತದೆ. ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ನೀಲಿ ಮಿಂಚುವ ಗಿಡ್ಡ ರೆಕ್ಕೆ, ಮತ್ತೆ ಕಿತ್ತಳೆ, ಬಾಲದ ತುದಿ ಕಪ್ಪು. ವಿಜ್ಞಾನದಲ್ಲಿ ಹೆಸರು ಪೆಡೆರಸ್. ವಾಟ್ಸಾಪ್‌ನಲ್ಲಿ ಆಸಿಡ್ ಹುಳ. 2022ರ ಜುಲೈನಲ್ಲಿ ಸಿಕ್ಕಿಂನ ಒಂದು ಕಾಲೇಜಿನ ಸುಮಾರು ನೂರು ವಿದ್ಯಾರ್ಥಿಗಳ ಚರ್ಮ ಹೀಗೇ ಸುಟ್ಟಾಗ ಪತ್ರಿಕೆಗಳು ಇದನ್ನು ನೈರೋಬಿ ನೊಣ ಅಂದವು. ಇದು ನೊಣ ಅಲ್ಲ, ಜೀರುಂಡೆ ಜಾತಿಯದು. ಇದರಲ್ಲಿ ಆಸಿಡ್ ಕೂಡ ಇಲ್ಲ.

ಇದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಕೆನ್ನೆ ಮೇಲೆ ಸುಮ್ನೆ ನಡೆದು ಹೋದರೆ ಏನೂ ಆಗುವುದಿಲ್ಲ. ನಿದ್ದೆಗಣ್ಣಲ್ಲಿ ನಾವು ಅದನ್ನು ಒರೆಸಿ ಜಜ್ಜುತ್ತೇವಲ್ಲ, ಅಲ್ಲಿ ಎಡವಟ್ಟು. ಅದರ ಮೈರಸದಲ್ಲಿ ಪೆಡೆರಿನ್ ಎಂಬ ವಿಷ ಇರುತ್ತದೆ. ಗೆರೆ ಎಳೆದ ಹಾಗೆ ಕಾಣುವುದು ಅದಕ್ಕೇ. ಎಳೆದದ್ದು ನಮ್ಮದೇ ಬೆರಳು!

ಪೆಡೆರಿನ್ ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ಎಳೆಯುತ್ತೇನೆ. ಚರ್ಮದ ಪ್ರತಿ ಜೀವಕೋಶದಲ್ಲೂ ರೈಬೋಸೋಮ್ ಎಂಬ ಸಣ್ಣ ಯಂತ್ರಗಳು ಹಗಲೂ ರಾತ್ರಿ ಪ್ರೋಟೀನ್ ತಯಾರಿಸುತ್ತವೆ. ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೆನಪಿಸಿಕೊಳ್ಳಿ. ಒಂದು ಕಡೆ ಹಣ್ಣು ಹೋಗುತ್ತದೆ, ಇನ್ನೊಂದು ಕಡೆ ಬೀಜ ಬರುತ್ತದೆ. ಪೆಡೆರಿನ್ ಹೋಗಿ ಆ ಪಲ್ಪರ್‌ಗೆ ಕಲ್ಲಿನ ಹಾಗೆ ಸಿಕ್ಕಿಕೊಳ್ಳುತ್ತದೆ. ಯಂತ್ರ ನಿಂತಿತು. ಆದರೆ ಕಣದಲ್ಲಿ ನಿನ್ನೆಯ ಕಾಫಿ ಇನ್ನೂ ಇದೆ. ನೋಡುವವರಿಗೆ ಎಲ್ಲ ಸರಿಯಾಗಿಯೇ ಇದೆ. ಅಥವಾ ಮದುವೆಮನೆಯ ಅಡುಗೆಭಟ್ಟ ಸದ್ದಿಲ್ಲದೆ ಎದ್ದು ಹೋದ ಅಂದುಕೊಳ್ಳಿ. ಮೊದಲ ಪಂಕ್ತಿಗೆ ಗೊತ್ತಾಗುವುದಿಲ್ಲ. ಮೂರನೇ ಪಂಕ್ತಿಗೆ ಗಲಾಟೆ. ಚರ್ಮದಲ್ಲೂ ದಾಸ್ತಾನು ಖಾಲಿಯಾಗುವವರೆಗೆ ಏನೂ ಕಾಣುವುದಿಲ್ಲ. ಆಮೇಲೆ ಕೋಶಕೋಶದ ನಡುವಿನ ಬೆಸುಗೆ ಬಿಡುತ್ತದೆ, ನೀರು ತುಂಬಿಕೊಳ್ಳುತ್ತದೆ, ಗುಳ್ಳೆ ಏಳುತ್ತದೆ. ಇಷ್ಟಕ್ಕೆ ಅರ್ಧ ದಿನದಿಂದ ಎರಡು ದಿನ ಬೇಕು.

ಹಲ್ಲಿ ಸಿಕ್ಕಿಬಿದ್ದದ್ದು ಈ ಸಮಯದಿಂದಲೇ. ಹುಳ ಜಜ್ಜಿದ್ದು ಮೊನ್ನೆ ರಾತ್ರಿ, ಉರಿ ಬಂದದ್ದು ಇವತ್ತು. ಹುಳ ಯಾರಿಗೂ ನೆನಪಿಲ್ಲ. ಇವತ್ತು ಗೋಡೆ ಮೇಲೆ ಯಾರಿದ್ದಾರೆ? ಹಲ್ಲಿ. ಹಲ್ಲಿ ಇಲ್ಲದಿದ್ದರೆ ಜೇಡ.

ಜೇಡಕ್ಕೆ ಆಗಿರುವ ಅನ್ಯಾಯ ಇನ್ನೂ ದೊಡ್ಡದು. ಈ ವಿಷವನ್ನು ಹುಳ ತಾನೇ ತಯಾರಿಸುವುದಿಲ್ಲ. ಅದರ ಮೈಯೊಳಗೆ ವಾಸವಿರುವ ಒಂದು ಬ್ಯಾಕ್ಟೀರಿಯಾ ತಯಾರಿಸುತ್ತದೆ. 2002ರಲ್ಲಿ ಜರ್ಮನಿಯ ವಿಜ್ಞಾನಿ ಯೋರ್ನ್ ಪೀಲ್ ಈ ವಿಷ ತಯಾರಿಸುವ ಜೀನ್‌ಗಳನ್ನು ಪತ್ತೆ ಮಾಡಿದರು. ತಾಯಿಹುಳ ಈ ವಿಷವನ್ನು ಮೊಟ್ಟೆಗೂ ದಾಟಿಸುತ್ತದೆ. ಯಾಕೆ ಗೊತ್ತಾ? ನೆಲದ ಮೇಲೆ ಬೇಟೆಯಾಡುವ ಜೇಡಗಳು ತನ್ನ ಮರಿಗಳನ್ನು ತಿನ್ನದಿರಲಿ ಅಂತ. ಜೇಡವನ್ನು ಓಡಿಸಲು ಇಟ್ಟ ವಿಷಕ್ಕೆ ನಾವು ಜೇಡದ ಉಚ್ಚೆ ಅಂತ ಹೆಸರಿಟ್ಟಿದ್ದೇವೆ.

ಚೀನಾದ ವೈದ್ಯ ಚೆನ್ ತ್ಸಾಂಗ್‌ಚಿ 739ರಲ್ಲೇ ಇಂಥ ಹುಳದ ಬಗ್ಗೆ ಬರೆದಿದ್ದ. ಪೆಡೆರಿನ್ ಎಂಬ ಹೆಸರು ಬಂದದ್ದು 1953ರಲ್ಲಿ, ಇಟಲಿಯಲ್ಲಿ. ಅದರ ರಚನೆ ತಿಳಿಯಲು ಎರಡೂವರೆ ಕೋಟಿ ಹುಳ ಹಿಡಿದರಂತೆ. ಹಿಡಿದವರ ಕೈ ಏನಾಗಿತ್ತೋ!

ಇನ್ನು ದೊಡ್ಡಮ್ಮನ ಪಕ್ಷ. ಸರ್ಪಸುತ್ತು ಅನ್ನುವ ಕಾಯಿಲೆ ಇದೆ, ಹಾವಿನ ದೋಷ ಮಾತ್ರ ಇಲ್ಲ. ಚಿಕ್ಕಂದಿನಲ್ಲಿ ಬಂದ ಸಿಡುಬಿನಮ್ಮನ ತಂಗಿ, ಅಂದರೆ ಚಿಕನ್‌ಪಾಕ್ಸ್, ಅದರ ವೈರಸ್ ನರದ ಬುಡದಲ್ಲಿ ಮಲಗಿದ್ದು ವರ್ಷಗಳ ನಂತರ ಏಳುತ್ತದೆ. ಗುಳ್ಳೆಗಿಂತ ಎಷ್ಟೋ ಸಲ ನೋವು ಮೊದಲು ಬರುತ್ತದೆ. ಗುಳ್ಳೆ ಗೊಂಚಲು ಗೊಂಚಲಾಗಿ, ಮುಖದ ಒಂದೇ ಬದಿಯಲ್ಲಿ, ನರ ಹೋದ ದಾರಿಯಲ್ಲಿ ಏಳುತ್ತದೆ. ಆ ನರ ಮೈಯ ನಡುಗೆರೆಗೆ ಬಂದು ನಿಲ್ಲುತ್ತದೆ. ಹಾಗಾಗಿ ಸಾಮಾನ್ಯವಾಗಿ ತಲೆ ಬಾಲ ಸೇರುವ ಪ್ರಶ್ನೆಯೇ ಬರುವುದಿಲ್ಲ, ಕೆಮ್ಮಣ್ಣು ಬಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆದರೆ ಕೆಮ್ಮಣ್ಣು ಹಚ್ಚಿಕೊಂಡು ಕೂತರೆ ಒಂದು ನಷ್ಟ ಇದೆ. ಸರ್ಪಸುತ್ತಿನ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಬಂದರೆ ಕಣ್ಣಿಗೂ ಅಪಾಯ, ಆ ದಿನವೇ ವೈದ್ಯರ ಹತ್ತಿರ ಹೋಗಬೇಕು.

ಮುಖ ಉರಿಯಲು ಬೇರೆ ಕಾರಣಗಳೂ ಬೇಕಾದಷ್ಟಿವೆ. ಹೊಸ ಕ್ರೀಮ್, ಕೂದಲಿನ ಡೈ, ತೋಟದ ಕಂಬಳಿಹುಳ, ಕಾಡಿನ ಹೊಲಗೇರು ಮರದ ಸೊನೆ. ಕಾರಣ ಯಾವುದೇ ಇರಲಿ, ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಯೋಚನೆ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಹುಳದ ಗಾಯಕ್ಕೆ ಮಾಡಬೇಕಾದದ್ದು ಕಡಿಮೆ. ಜಜ್ಜಿದ್ದು ಗೊತ್ತಾದ ಕೂಡಲೇ ಸೋಪು ನೀರಲ್ಲಿ ತೊಳೆಯಿರಿ. ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ದಿಂಬಿನ ಬಟ್ಟೆಯನ್ನೂ ಒಗೆಯಿರಿ. ತಣ್ಣೀರ ಬಟ್ಟೆ ಇಟ್ಟರೆ ಉರಿ ತಗ್ಗುತ್ತದೆ. ಗುಳ್ಳೆ ಒಡೆಯಬೇಡಿ. ಸುಣ್ಣ, ಟೂತ್‌ಪೇಸ್ಟ್, ನಿಂಬೆರಸ ಬೇಡವೇ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಅದೇ ಇನ್ನೊಂದು ಸುಟ್ಟಗಾಯ ಮಾಡುತ್ತದೆ.

ನಮ್ಮ ಹುಡುಗಿಗೆ ವೈದ್ಯರು ಸೌಮ್ಯವಾದ ಸ್ಟಿರಾಯ್ಡ್ ಮುಲಾಮು ಕೊಟ್ಟರು, ಐದೇ ದಿನಕ್ಕೆ. ಅದಕ್ಕೆ ಮೊದಲು ಭಾವ ಒಂದು ಮೆಡಿಕಲ್ ಶಾಪಿಂದ ಚೀಟಿ ಇಲ್ಲದೆ ತಂದಿದ್ದ ಟ್ಯೂಬ್ ಬಹಳ ಜೋರಿನದು. ಅಂಥದ್ದನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ ಜಾಸ್ತಿಯಾಗುತ್ತದೆ. 2018ರಲ್ಲಿ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ನಿಯಮ ಪುಸ್ತಕದಲ್ಲಿದೆ.

ಗದ್ದೆಗೆ ಔಷಧಿ ಹೊಡೆದು ಈ ಹುಳ ಕೊಲ್ಲೋಣ ಅಂತ ಭಾವನ ಮುಂದಿನ ಯೋಚನೆ. ಬೇಡ ಅಂದೆ. ಭತ್ತದ ಜಿಗಿಹುಳಗಳನ್ನು ತಿಂದು ನಮಗೆ ಉಪಕಾರ ಮಾಡುವುದೇ ಇದು. ಜಗಲಿ ದೀಪ ಬೇಗ ಆರಿಸಿದೆವು, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆವು. ಮೈಮೇಲೆ ಕೂತರೆ ಹೊಡೆಯಬೇಡ, ಉಫ್ ಅಂತ ಊದು ಅಂತ ಹುಡುಗಿಗೆ ಹೇಳಿಕೊಟ್ಟೆ.

ಹತ್ತು ದಿನದಲ್ಲಿ ಗುಳ್ಳೆ ಒಣಗಿ ಉದುರಿತು. ಉಳಿದ ಕಂದು ಗೆರೆ ಹುತ್ತರಿ ಹಬ್ಬದ ಹೊತ್ತಿಗೆ ಮಾಸಿತು. ಮದ್ದು ಹಾಕದಿದ್ದರೂ ಇದು ಹೆಚ್ಚುಕಡಿಮೆ ಅಷ್ಟೇ ದಿನದಲ್ಲಿ ವಾಸಿಯಾಗುತ್ತದೆ. ಹಾಗಾಗಿ ಇದಕ್ಕೆ ಯಾವ ಮದ್ದು ಮಾಡಿದರೂ ಫಲಿಸುತ್ತದೆ. ಮೂರನೇ ದಿನ ನಾನು ಮಡಿಕೇರಿಗೆ ಹೋಗಿದ್ದಾಗ ದೊಡ್ಡಮ್ಮ ಗೆರೆಯ ಸುತ್ತ ಒಂದು ಸುತ್ತು ಕೆಮ್ಮಣ್ಣು ಬಳಿದಿದ್ದರಂತೆ.

"ನೋಡಿದ್ಯಾ," ಅಂದರು ಹುತ್ತರಿ ದಿನ, ಹುಡುಗಿಯ ಕೆನ್ನೆ ಹಿಡಿದು ನನ್ನ ಕಡೆ ತಿರುಗಿಸಿ. "ನಿನ್ನ ಡಾಕ್ಟ್ರು ಐದು ದಿನ ತಗೊಂಡ್ರು. ನಾನು ಒಂದೇ ಸಲ ಹಚ್ಚಿದ್ದು."