ಘಟ್ಟ ಮೋಡವನ್ನು ತಡೆಯುವುದಿಲ್ಲ

ಪ್ರಶ್ನೆ: ಆಗುಂಬೆಯಲ್ಲಿ ಅಷ್ಟೊಂದು ಮಳೆ, ಚಳ್ಳಕೆರೆಯಲ್ಲಿ ಯಾಕಿಲ್ಲ? ಘಟ್ಟ ಮೋಡವನ್ನು ತಡೆದು ನಿಲ್ಲಿಸುವುದರಿಂದಲೇ ಅಲ್ವಾ?

ಮುಂಗಾರು ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲರ್ಧ ಒಳ್ಳೆಯ ಪ್ರಶ್ನೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ, ಚಳ್ಳಕೆರೆಯಲ್ಲಿ 500 ದಾಟುವುದೇ ಕಷ್ಟ. ನೇರವಾಗಿ ಅಳೆದರೆ ನಡುವೆ 200 ಕಿ.ಮೀ. ಕೂಡ ಇಲ್ಲ. ಆದರೆ ಎರಡನೇ ಅರ್ಧ ತಪ್ಪು. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಘಟ್ಟ ಮೋಡವನ್ನು ತಡೆಯುವುದಿಲ್ಲ.

ಜುಲೈನಲ್ಲಿ ಚಿತ್ರದುರ್ಗಕ್ಕೆ ಹೋಗಿ ಸುಮ್ನೆ ತಲೆಯೆತ್ತಿ ನೋಡಿ. ಇಡೀ ದಿನ ಮೋಡ ಪೂರ್ವಕ್ಕೆ ಓಡುತ್ತಿರುತ್ತದೆ. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಘಟ್ಟ ತಡೆದಿದ್ದರೆ ಆ ಗಾಳಿ, ಆ ಮೋಡ ಎಲ್ಲಿಂದ ಬಂತು? ಮೋಡ ಬಂದಿದೆ. ಸುರಿಯುತ್ತಿಲ್ಲ, ಅಷ್ಟೇ.

ಇನ್ನೊಂದು ಸಾಕ್ಷಿ. ಗೋಡೆ ಎತ್ತರವಿದ್ದಷ್ಟೂ ಮಳೆ ಜಾಸ್ತಿ ಎನ್ನುವುದಾದರೆ 1,930 ಮೀಟರ್‌ನ ಮುಳ್ಳಯ್ಯನಗಿರಿಯೇ ರಾಜ್ಯದಲ್ಲಿ ಮೊದಲಿರಬೇಕಿತ್ತು. ಆದರೆ ಸುಮಾರು 650 ಮೀಟರ್ ಎತ್ತರದ ಆಗುಂಬೆಯಷ್ಟು ಮಳೆ ಅಲ್ಲಿ ಬೀಳುವುದಿಲ್ಲ. ಮುಳ್ಳಯ್ಯನಗಿರಿ ಒಳಗಿದೆ. ಸಮುದ್ರದ ಗಾಳಿಗೆ ಮೊದಲು ಎದುರಾಗುವುದು ಆಗುಂಬೆಯ ಸಾಲು.

ಹಾಗಾದರೆ ಘಟ್ಟ ಮಾಡುವುದೇನು? ಗಾಳಿಯನ್ನು ಮೇಲಕ್ಕೆ ಹತ್ತಿಸುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ವಾಲ್ವ್ ಹತ್ತಿರ ಬೆರಳಿಟ್ಟು ನೋಡಿ, ತಣ್ಣಗೆ ತಾಗುತ್ತದೆ. ಒತ್ತಡ ಕಡಿಮೆಯಾದಾಗ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಘಟ್ಟ ಹತ್ತುವ ಗಾಳಿಗೂ ಇದೇ ಆಗುತ್ತದೆ. ಒಣ ಗಾಳಿ ಒಂದು ಕಿ.ಮೀ. ಮೇಲೇರಿದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ತೇವದ ಗಾಳಿಯಲ್ಲಿ ಆವಿ ಹನಿಯಾಗತೊಡಗಿದ ಮೇಲೆ ಇದು ಹೆಚ್ಚುಕಡಿಮೆ ಅರ್ಧ. ಅಂದರೆ ಕರಾವಳಿಯಿಂದ ಬಂದ ಆವಿ ಅಲ್ಲೇ, ಏರುವ ದಾರಿಯಲ್ಲೇ ಮೋಡವಾಗುತ್ತದೆ. ಎಲ್ಲಿಂದಲೋ ತೇಲಿ ಬಂದ ಮೋಡ ಬೆಟ್ಟಕ್ಕೆ ಡಿಕ್ಕಿ ಹೊಡೆದು ಒಡೆಯುವುದಲ್ಲ. ಆಗುಂಬೆಯ ತಿರುವಿನಲ್ಲಿ ನಿಂತವರ ರೆಪ್ಪೆಯ ಮೇಲೆ ಹನಿ ಕೂರುತ್ತದಲ್ಲ, ಅದು ಆಗತಾನೇ ಹುಟ್ಟಿದ ಮೋಡ.

ಘಟ್ಟ ದಾಟಿದ ಗಾಳಿಗೆ ಮುಂದೆ ಹತ್ತುವ ಕೆಲಸವಿಲ್ಲ. ನೀರು ಒಂದಷ್ಟು ಖರ್ಚಾಗಿದೆ. ಸ್ವಲ್ಪ ಇಳಿಯುತ್ತಲೂ ಇದೆ. ಇಳಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಹನಿ ಮತ್ತೆ ಆವಿಯಾಗುತ್ತದೆ. ಮಳೆ ನೆರಳು ಎಂದರೆ ಇದೇ. ಚಳ್ಳಕೆರೆಯ ರೈತರು ಆರಿದ್ರೆಗಿಂತ ಹಸ್ತ, ಚಿತ್ತಾ ಮಳೆಗಳನ್ನು ಹೆಚ್ಚು ನೆಚ್ಚುವುದಕ್ಕೂ ಕಾರಣ ಇಲ್ಲೇ ಇದೆ. ಆ ಹೊತ್ತಿಗೆ ಪಶ್ಚಿಮದ ಗಾಳಿಯ ಜೋರು ಇಳಿದು, ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಬರತೊಡಗುತ್ತದೆ.

ಯಾರೂ ಕೇಳದ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಘಟ್ಟದ ನೆತ್ತಿಯಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಅರಬ್ಬೀ ಸಮುದ್ರ ನೇರಕ್ಕೆ 50 ಕಿ.ಮೀ. ಒಳಗೇ ಇದೆ. ನೇತ್ರಾವತಿ ಮಂಗಳೂರಿಗೆ ಇಳಿಯುತ್ತಾಳೆ. ತುಂಗೆ, ಭದ್ರೆ ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡುತ್ತಾರೆ, ಏಕೆಂದರೆ ದಖ್ಖನ್ ನೆಲವೇ ಆ ಕಡೆ ವಾಲಿದೆ. ಇಬ್ಬರೂ ಕೂಡಲಿಯಲ್ಲಿ ಸೇರುತ್ತಾರೆ. ಆಗುಂಬೆಯ ಮಾಲತಿ ಹೊಳೆಯೂ ತುಂಗೆಗೇ ಸೇರುತ್ತದೆ. ಹೊಸಪೇಟೆಯ ಅಣೆಕಟ್ಟಿನಿಂದ ಕಾಲುವೆ ಹಿಡಿದು ಬಳ್ಳಾರಿಯ ಗದ್ದೆಗೆ ಹೋಗುವ ನೀರಿನಲ್ಲಿ ಆಗುಂಬೆಯ ಮಳೆಯೂ ಇದೆ.